ಉಬಿನ್ ದ್ವೀಪದಲ್ಲಿ ರುಬ್ಬುವ ಕಲ್ಲು ಹುಡುಕಿದ್ದು

ಯಾವ ಕೆಲಸವೇ ಇರಲಿ, ಅದನ್ನು ಮೊದಲು ತಲೆಯಲ್ಲಿ ಪೂರ್ತಿ ಮಾಡಿ ಮುಗಿಸಿ, ಆಮೇಲೆ ಕೈ ಹಾಕುವವಳು ನಾನು. ಹಾಗಾಗಿ ನನ್ನ ಕೆಲಸಗಳೆಲ್ಲ ತಲೆಯಲ್ಲಿ ಬಹಳ ಚೆನ್ನಾಗಿ ಆಗಿವೆ!

ತೊಂಬತ್ತರ ದಶಕದ ನಡುವಿನ ಮಾತು. ನಾವಾಗ ಸಿಂಗಪುರದ ವುಡ್‌ಲ್ಯಾಂಡ್ಸ್‌ನಲ್ಲಿದ್ದೆವು. ಹತ್ತನೇ ಮಹಡಿಯಲ್ಲಿ ಫ್ಲ್ಯಾಟು. ನನ್ನ ಗಂಡ ಶ್ರೀಧರ ಮೈಸೂರಿನವರು, ಟುವಾಸ್‌ನ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರು. ಮಗಳು ಶಮಾ ಪ್ರೈಮರಿ ಶಾಲೆಗೆ ಹೋಗುತ್ತಿದ್ದಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಎರಡರ ಬಾಲಕ್ಕೂ ಸಿಂಗಪುರದವರ ಒಂದೊಂದು ‘ಲಾ’. “ಅಮ್ಮಾ, ಹಸಿವಾಗ್ತಿದೆ ಲಾ” ಅನ್ನುವಳು. ಹಸಿವಿಗೆ ಯಾವ ಭಾಷೆಯಾದರೇನು ಎಂದು ನಾನೂ ಸುಮ್ಮನಿದ್ದೆ.

ಆ ವರ್ಷ ಉಡುಪಿಯ ಹತ್ತಿರದ ನಮ್ಮೂರಿನಿಂದ ನನ್ನ ಅಮ್ಮ ಬಂದಳು. ಮೂರು ತಿಂಗಳು ಇರುವುದು ಅಂತ ನಿಶ್ಚಯ. ಅವಳಿಗೆ ಸಿಂಗಪುರ ತೋರಿಸಿ ಬೆರಗಾಗಿಸುವ ಇಡೀ ಯೋಜನೆ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಆದರೆ ಅಮ್ಮ ಬೆರಗಾಗಲು ಒಪ್ಪಲಿಲ್ಲ. ಎತ್ತರದ ಕಟ್ಟಡ ತೋರಿಸಿದೆ. “ಹ್ಞಾಂ, ಉಂಟು” ಎಂದಳು. ಎಂಆರ್‌ಟಿಯಲ್ಲಿ ಕೂರಿಸಿದೆ. “ರೈಲು” ಎಂದಳು. ಸಿಂಹದ ತಲೆ, ಮೀನಿನ ಬಾಲದ ಆ ಪ್ರಸಿದ್ಧ ಬಿಳಿಯ ಮೂರ್ತಿಯ ಮುಂದೆ ನಿಲ್ಲಿಸಿದೆ. ಬಾಯಿಯಿಂದ ನೀರು ಕಾರುವ ಅದನ್ನು ಅಮ್ಮ ತುಂಬ ಹೊತ್ತು ನೋಡಿದಳು. ಕೊನೆಗೂ ಗೆದ್ದೆ ಅಂದುಕೊಂಡೆ.

“ಮೀನೋ ಸಿಂಹವೋ, ಯಾವುದಾದ್ರೂ ಒಂದು ನಿಶ್ಚಯ ಮಾಡಿ ಕಟ್ಟಬೇಕಿತ್ತು” ಎಂದಳು.

ಅವಳ ನಿಜವಾದ ಕಷ್ಟ ಬೇರೆಯೇ ಇತ್ತು. ಬೆಳಗಾಗುವ ಮೊದಲೇ ಎದ್ದು ಕೂರುವಳು. ಗುಡಿಸಲು ಅಂಗಳವಿಲ್ಲ, ಸೇದಲು ಬಾವಿಯಿಲ್ಲ, ಬಿಡಲು ಕೋಳಿಗಳಿಲ್ಲ. ಬಟ್ಟೆ ಒಗೆಯಲು ಮಿಷಿನು, ಅರೆಯಲು ಮಿಕ್ಸಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ದಿನ ಹೇಳಿದಳು: “ಈ ಮನೆಯಲ್ಲಿ ಎಲ್ಲಾ ಸಾಮಾನಿಗೂ ಒಂದೊಂದು ಕೆಲಸ ಉಂಟು. ನನಗೊಬ್ಬಳಿಗೆ ಇಲ್ಲ.”

ಸಿಟ್ಟೆಲ್ಲ ಹೊರಳಿದ್ದು ಮಿಕ್ಸಿಯ ಮೇಲೆ. “ಮಿಕ್ಸಿ ಹಿಟ್ಟಿಗೆ ಜೀವ ಇಲ್ಲ. ಬಿಸಿಯಾಗಿ ಸತ್ತೇ ಹೋಗ್ತದೆ. ಅದರ ದೋಸೆ ತಿನ್ನುದೂ ಒಂದೇ, ಕ್ಯಾಲೆಂಡರ್ ತಿನ್ನುದೂ ಒಂದೇ.” ಸೆರಂಗೂನ್ ರೋಡಿನ ಅಂಗಡಿಗೆ ಕರೆದುಕೊಂಡು ಹೋಗಿ ಕರೆಂಟಿನ ಗ್ರೈಂಡರ್ ತೋರಿಸಿದೆ. “ಅದು ತಾನೇ ತಿರುಗ್ತದೆ. ನಾನು ಎಂತ ಮಾಡುದು, ಎದುರು ಕೂತು ನೋಡುದಾ?” ಎಂದಳು. ಅದೇ ಅಂಗಡಿಯ ಮೂಲೆಯಲ್ಲೊಂದು ಕೈಯಲ್ಲಿ ರುಬ್ಬುವ ಕಲ್ಲೂ ಇತ್ತು. ನಮ್ಮ ಶಮಾಳ ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದು. “ಇದು ಬೊಂಬೆಯಾಟಕ್ಕೆ” ಎಂದು ತೀರ್ಪು ಕೊಟ್ಟು ಹೊರಗೆ ಬಂದಳು.

ಎರಡನೇ ವಾರ ಅಳಿಯನ ಮುಂದೆ ನಿಂತು ಮೆಲ್ಲಗೆ ಕೇಳಿದಳು: “ಶ್ರೀಧರ, ನನ್ನ ಟಿಕೇಟು ಬೇಗದ ವಿಮಾನಕ್ಕೆ ಬದಲಾಯಿಸ್ಲಿಕ್ಕೆ ಆಗ್ತದಾ?”

ನನಗೆ ದುಃಖ ಆಯಿತು ನಿಜ. ಜೊತೆಗೆ ಮರ್ಯಾದೆಯ ಪ್ರಶ್ನೆಯೂ ಇತ್ತು. ನಮ್ಮದೇ ಬ್ಲಾಕಿನ ಬೆಂಗಳೂರಿನ ಗೆಳತಿಯ ಅತ್ತೆ ಬಂದವರು ಆರು ತಿಂಗಳಿದ್ದು, ಹೊರಡುವಾಗ ಏರ್‌ಪೋರ್ಟಿನಲ್ಲಿ ಕಣ್ಣೀರು ಹಾಕಿದ್ದರು. ಅತ್ತೆ! ನನ್ನ ಸ್ವಂತ ತಾಯಿ ಎರಡೇ ವಾರಕ್ಕೆ ಓಡಿಹೋದಳು ಅಂದರೆ ಕನ್ನಡದವರ ನಡುವೆ ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ?

ಆ ಭಾನುವಾರ ವಾಯ್ಡ್ ಡೆಕ್‌ನಲ್ಲಿ, ಅಂದರೆ ನಮ್ಮ ಕಟ್ಟಡದ ಬುಡದ ಖಾಲಿ ಜಾಗದಲ್ಲಿ, ಕನ್ನಡದ ಕೆಲವು ಮನೆಗಳವರು ಸೇರಿ ಊಟ ಇಟ್ಟುಕೊಂಡಿದ್ದೆವು. ನಾಯಕ್ ಅಂಕಲ್ ಮೊಸರನ್ನ ಕಲಸುತ್ತ ಚರಿತ್ರೆ ಹೇಳುತ್ತಿದ್ದರು. ಅವರು ಏನು ಕಲಸಿದರೂ ಜೊತೆಗೆ ಚರಿತ್ರೆ ಬರುತ್ತಿತ್ತು.

“ಪುಲಾವ್ ಉಬಿನ್ ದ್ವೀಪ ನೋಡಿದ್ದೀರಾ? ಚಾಂಗಿಯಿಂದ ದೋಣಿಯಲ್ಲಿ ಹೋಗೋದು. ಇಡೀ ದ್ವೀಪವೇ ಗ್ರಾನೈಟು! ಬ್ರಿಟಿಷರ ಕಾಲದಲ್ಲಿ ನಮ್ಮ ಇಂಡಿಯಾದ ಕೈದಿಗಳನ್ನ ಹಡಗಿನಲ್ಲಿ ತುಂಬ್ಕೊಂಡು ಬಂದು ಈ ಊರಲ್ಲಿ ಕೆಲಸ ಮಾಡಿಸ್ತಿದ್ರು. ಉಬಿನ್‌ನ ಕಲ್ಲು ಒಡೆಸಿ ಸಮುದ್ರದ ಮಧ್ಯೆ ದೀಪಸ್ತಂಭ ಕಟ್ಟಿಸಿದ್ರು. ಇವತ್ತಿಗೂ ಅಲ್ಲಿ ಕಲ್ಲಿನ ಕ್ವಾರಿ ನಡೀತಾ ಇದೆ.”

ಎಲ್ಲರೂ “ಹೌದಾ” ಎಂದು ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಕೊಂಡರು. ನನ್ನ ತಲೆಯೊಳಗೆ ಮಾತ್ರ ಕೆಲಸ ಶುರುವಾಯಿತು. ಕಲ್ಲಿನ ದ್ವೀಪ. ಕಲ್ಲು ಒಡೆದವರು ನಮ್ಮವರು. ನಮ್ಮವರು ಅಂದಮೇಲೆ ಊಟ ಮಾಡಲೇಬೇಕು. ಊಟ ಅಂದಮೇಲೆ ರುಬ್ಬಲೇಬೇಕು. ಕೈಯಲ್ಲಿ ಉಳಿ, ಕಾಲ ಬುಡದಲ್ಲಿ ಕಲ್ಲು. ಒಂದು ರುಬ್ಬುವ ಕಲ್ಲು ಮಾಡಿಕೊಳ್ಳದೆ ಬಿಟ್ಟಾರೆಯೇ? ಕಲ್ಲು ಅಂದರೆ ಕೊಳೆಯುವ ವಸ್ತುವಲ್ಲ. ಆದ್ದರಿಂದ ಅದು ಇನ್ನೂ ಅಲ್ಲೇ ಇದೆ!

ರಾತ್ರಿ ಗಂಡನ ಮುಂದೆ ಈ ಸಿದ್ಧಾಂತವನ್ನು ಮಂಡಿಸಿದೆ.

“ಕೈದಿಗಳಿಗೆ ದೋಸೆ ಹಾಕ್ತಿದ್ರು ಅಂತ ನಿಂಗೆ ಯಾರು ಹೇಳಿದ್ದು?” ಎಂದರು.

“ದೋಸೆ ಅಲ್ಲದಿದ್ರೆ ಚಟ್ನಿ.”

“ಕಾಲಿಗೆ ಸಂಕೋಲೆ ಹಾಕ್ಕೊಂಡು ಚಟ್ನಿ ರುಬ್ತಿದ್ರಾ?”

“ರೀ, ರುಬ್ಬೋದು ಕೈಯಲ್ಲಿ.”

ಈ ವಾದವನ್ನು ಅವರು ಗೋಡೆಯ ಕಡೆ ಹೊರಳಿ ಒಪ್ಪಿಕೊಂಡರು. ನಿದ್ದೆ ಬಂದಿತ್ತು.

ಅಮ್ಮನಿಗೆ ಗುಟ್ಟು ಹೇಳಲಿಲ್ಲ. “ಪಿಕ್‌ನಿಕ್” ಎಂದಷ್ಟೇ ಹೇಳಿ ಮುಂದಿನ ಭಾನುವಾರ ಬೆಳಿಗ್ಗೆಯೇ ಹೊರಡಿಸಿದೆ. ವುಡ್‌ಲ್ಯಾಂಡ್ಸ್‌ನಿಂದ ಚಾಂಗಿ ಅಂದರೆ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರಯಾಣ. ಬಸ್ಸು ಬದಲಾಯಿಸುತ್ತ ಬದಲಾಯಿಸುತ್ತ ಚಾಂಗಿ ಕಟ್ಟೆ ಮುಟ್ಟಿದೆವು. ಅಲ್ಲಿ ಹೊಗೆ ಕಾರುತ್ತ ನಿಂತಿತ್ತು ಮರದ ಮೋಟಾರು ದೋಣಿ, ಅಲ್ಲಿಯವರ ಬಾಯಲ್ಲಿ ಬಂಬೋಟು. ಹನ್ನೆರಡು ಜನ ತುಂಬುವವರೆಗೆ ಹೊರಡುವುದಿಲ್ಲವಂತೆ. ನಾವು ನಾಲ್ವರು. ಉಳಿದವರಿಗಾಗಿ ಕಾಯುತ್ತ ಕುಳಿತೆವು.

ಅಮ್ಮ ದೋಣಿಯ ಹಲಗೆಯನ್ನು ಕೈಯಿಂದ ಸವರಿದಳು. “ಸೇತುವೆ ಆಗುವ ಮೊದಲು ನಮ್ಮಲ್ಲಿ ಕಡವು ಇತ್ತಲ್ಲ, ಇದೇ ವಾಸನೆ. ಸೀಮೆಎಣ್ಣೆ, ಮೀನು, ಉಪ್ಪು. ಮದುವೆಯಾಗಿ ಬರುವಾಗ ನಾನು ಹೀಗೇ ಕೂತದ್ದು” ಎಂದಳು. ಸಿಂಗಪುರಕ್ಕೆ ಬಂದ ಮೇಲೆ ಅವಳು ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ದೋಣಿಯವನು, ಬನಿಯನ್ ತೊಟ್ಟ ಒಬ್ಬ ಮುದಿ ಚೀನೀ ಅಂಕಲ್, ಕೈ ಹಿಡಿದು ಅವಳನ್ನು ಒಳಗೆ ಕೂರಿಸಿದ. ಅಮ್ಮ ಅವನಿಗೆ ತುಳುವಿನಲ್ಲಿ “ಜಾಗ್ರತೆಯಲ್ಲಿ ಬಿಡು ಮಾರಾಯ” ಎಂದು ಹೇಳಿದಳು. ಅವನು ತಲೆಯಾಡಿಸಿ ಜಾಗ್ರತೆಯಲ್ಲಿಯೇ ಬಿಟ್ಟ.

ಉಬಿನ್‌ನಲ್ಲಿ ಇಳಿದದ್ದೇ ಅಮ್ಮ ನಿಂತುಬಿಟ್ಟಳು. ತಗಡಿನ ಮಾಡಿನ ಮನೆಗಳು. ಬೇಲಿಯಾಚೆ ಹಲಸಿನ ಮರ, ಬುಡದಲ್ಲೇ ಕಾಯಿ. ದಾರಿಗೆ ಅಡ್ಡವಾಗಿ ಮರಿಗಳನ್ನು ಕಟ್ಟಿಕೊಂಡು ಹೊರಟ ಒಂದು ಕೋಳಿ.

“ಇಷ್ಟು ಒಳ್ಳೆಯ ಊರು ಇಟ್ಕೊಂಡು ನನ್ನನ್ನು ಯಾಕೆ ಆ ಮೀನು-ಸಿಂಹದ ಹತ್ರ ಕರ್ಕೊಂಡು ಹೋದದ್ದು ನೀನು?” ಎಂದಳು.

ಕಟ್ಟೆಯ ಹತ್ತಿರ ಸೈಕಲ್ ಬಾಡಿಗೆಯ ಅಂಗಡಿ. ಅದರ ಯಜಮಾನತಿ ಅಮ್ಮನ ವಯಸ್ಸಿನ ಚೀನೀ ಮುದುಕಿ, ಹೂವಿನ ಚಿತ್ತಾರದ ಅಂಗಿ, ಮೊಣಕಾಲುದ್ದದ ಚಡ್ಡಿ. ಊರವರೆಲ್ಲ ಅವಳನ್ನು “ಆ ಮಾ” ಎನ್ನುತ್ತಿದ್ದರು. ಅಜ್ಜಿ ಅಂತ ಅರ್ಥ. ಯಾರೋ ದೂರದಿಂದ “ಆ ಮಾ!” ಎಂದು ಕೂಗಿದರು. ನನ್ನ ಅಮ್ಮ “ಏನು?” ಎಂದು ತಿರುಗಿದಳು. ಮುದುಕಿಯೂ ತಿರುಗಿದಳು. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಮುದುಕಿ ಒಂದು ಸ್ಟೂಲು ಎಳೆದು ಕೈಯಿಂದ ತಟ್ಟಿದಳು. ಅಮ್ಮ ಕುಳಿತಳು.

ಸೈಕಲ್ ತುಳಿಯಲು ಬಾರದ ಅಮ್ಮನನ್ನು ಏನು ಮಾಡುವುದೆಂಬ ಸಮಸ್ಯೆ ಹೀಗೆ ತಾನಾಗಿ ಬಗೆಹರಿಯಿತು. “ಅಜ್ಜಿ ಜೊತೆ ಇರು, ಭಾಷೆ ಗೊತ್ತಾಗದಿದ್ರೆ ಹೇಳಿಕೊಡು” ಎಂದು ಶಮಾಳನ್ನೂ ಅಲ್ಲೇ ಬಿಟ್ಟು, ನಾನೂ ಶ್ರೀಧರರೂ ಸೈಕಲ್ ಹತ್ತಿದೆವು.

ನಾನು ಸೈಕಲ್ ಬಿಟ್ಟು ಬಹಳ ವರ್ಷಗಳಾಗಿದ್ದವು. ಒಮ್ಮೆ ಕಲಿತದ್ದು ಮರೆಯುವುದಿಲ್ಲ ಅನ್ನುತ್ತಾರೆ. ನಿಜ. ನಾನು ಮರೆತಿರಲಿಲ್ಲ. ಕಲಿತೇ ಇರಲಿಲ್ಲ ಎಂಬುದು ಮೊದಲ ತಿರುವಿನಲ್ಲಿ ಪೊದೆಯೊಳಗೆ ಹೊಕ್ಕಾಗ ನೆನಪಾಯಿತು! ಕಾಲೇಜಿನಲ್ಲಿ ಸೈಕಲ್ ಇದ್ದದ್ದು ನನ್ನ ಗೆಳತಿಗೆ. ನಾನು ಕ್ಯಾರಿಯರಿನಲ್ಲಿ ಕೂರುತ್ತಿದ್ದೆ.

ಹೇಗೋ ತಳ್ಳಿಕೊಂಡು, ಬಿದ್ದು, ಎದ್ದು ಒಂದು ಹಳೆಯ ಕ್ವಾರಿಯ ಅಂಚಿಗೆ ಬಂದೆವು. ಗುಡ್ಡವನ್ನೇ ಬಗೆದು ತೆಗೆದ ದೊಡ್ಡ ಹೊಂಡ. ಕೆಳಗೆ ಹಸಿರು ನೀರು, ಅಲುಗದೆ. ಸುತ್ತ ಸೀಳಿದ ಬಂಡೆ. ಒಂದು ಕಡೆ ತುಕ್ಕು ಹಿಡಿದ ಯಂತ್ರ, ಅದರೊಳಗಿಂದ ಮೇಲೆದ್ದ ಗಿಡ. ಎಲ್ಲೋ ದೂರದಲ್ಲಿ, ಇನ್ನೂ ನಡೆಯುತ್ತಿದ್ದ ಕ್ವಾರಿಯ ಕಡೆಯಿರಬೇಕು, ಲಾರಿಯ ಸದ್ದು.

ಹಡಗಿನಲ್ಲಿ ತಂದ ಆ ಜನ ಯಾವ ಯಾವ ಊರಿನವರೋ. ಕಲ್ಲು ಒಡೆಯುತ್ತ ಯಾವ ಬೆಳಗಿನ ಯಾವ ಊಟ ನೆನೆದರೋ. ವಾಪಸು ಹೋಗುವ ಟಿಕೇಟನ್ನು ಯಾರ ಹತ್ತಿರ ಕೇಳಬೇಕಿತ್ತು ಅವರು? ಅಳಿಯನ ಹತ್ತಿರವಂತೂ ಅಲ್ಲ. ಆ ನೀರಿನ ಮುಂದೆ ಏನಾದರೂ ಗಂಭೀರವಾದದ್ದು ಹೇಳಬೇಕೆನಿಸಿ ಬಾಯಿ ತೆರೆದೆ.

“ಇಲ್ಲಿ ಒರಳಿಲ್ಲ ಕಣೇ” ಎಂದರು ಶ್ರೀಧರ. “ವಾಪಸ್ ಹೋಗೋಣ್ವಾ?”

ವಾಪಸು ಹೋಗುವುದೇ! ದಾರಿಯಲ್ಲಿ ಒಂದು ಮಲಯ್ ಮನೆ ಕಂಡಿತ್ತು. ಜಗಲಿಯಲ್ಲಿ ಮುದುಕರೊಬ್ಬರು ಬಲೆ ಹೊಲಿಯುತ್ತ ಕುಳಿತಿದ್ದರು. ಇಂಥ ಸಂದರ್ಭಕ್ಕೆಂದೇ ನಾನು ನಮ್ಮ ಪಕ್ಕದ ಮನೆಯ ಮಲಯ್ ಆಂಟಿಯ ಹತ್ತಿರ ಎರಡು ಶಬ್ದ ಕಲಿತು ಬಂದಿದ್ದೆ. ‘ಬಾತು’ ಎಂದರೆ ಕಲ್ಲು. ‘ಗಿಲಿಂಗ್’ ಎಂದರೆ ಅರೆಯುವುದು. ಆದರೆ ಪೊದೆಗೆ ಬಿದ್ದ ರಭಸಕ್ಕೆ ಎರಡನೆಯದರ ಬಾಲ ಉದುರಿಹೋಗಿತ್ತು. ಮುದುಕರ ಮುಂದೆ ನಿಂತು, ಕೈ ಮುಗಿದು, ಅಲ್ಲಿಯವರ ಹಾಗೆ ಚಿಕ್ಕಪ್ಪಾ ಎಂದು ಕರೆದು, ಸ್ಪಷ್ಟವಾಗಿ ಕೇಳಿದೆ: “ಪಾಕ್ ಚಿಕ್, ಬಾತು ಗಿಲಾ?”

ಮುದುಕರು ಬಲೆ ಕೆಳಗಿಟ್ಟರು. ನನ್ನನ್ನು ನೋಡಿದರು. ತಲೆಗೂದಲಲ್ಲಿ ಎಲೆ, ಮೊಣಕೈಯಲ್ಲಿ ಮಣ್ಣು. ಆಮೇಲೆ ಶ್ರೀಧರರ ಕಡೆ ತಿರುಗಿ ಬಹಳ ಮರುಕದಿಂದ ಇಂಗ್ಲಿಷಿನಲ್ಲಿ ವಿಚಾರಿಸಿದರು: “ನಿಮ್ಮ ಹೆಂಡತಿಗೆ ಹುಷಾರಿಲ್ಲವಾ?”

‘ಗಿಲಾ’ ಅಂದರೆ ಹುಚ್ಚು. ನಾನು ಕೇಳಿದ್ದು ಹುಚ್ಚು ಕಲ್ಲು!

ಕೊನೆಗೆ ಕೈ ತಿರುಗಿಸಿ ರುಬ್ಬುವ ಅಭಿನಯ ಮಾಡಿ ತೋರಿಸಿದೆ. ಕುಕ್ಕರಗಾಲಲ್ಲಿ ಕೂತು, ಎಡಗೈಯಿಂದ ಇಲ್ಲದ ಹಿಟ್ಟು ತಳ್ಳಿ, ಬಲಗೈಯಿಂದ ಇಲ್ಲದ ಗುಂಡು ತಿರುಗಿಸಿದೆ. ಮುದುಕರಿಗೆ ಏನು ಅರ್ಥವಾಯಿತೋ, ಎದ್ದು ಮನೆಯ ಹಿಂದಕ್ಕೆ ಕರೆದೊಯ್ದರು. ಪಕ್ಕದ ಪಾಳುಬಿದ್ದ ಚೀನೀ ಮನೆಯ ಹಿತ್ತಿಲಲ್ಲಿ, ಬಾಳೆಯ ಬುಡದಲ್ಲಿ, ಅರ್ಧ ಹೂತು ಬಿದ್ದಿತ್ತು. ದುಂಡಗಿನ ಕಲ್ಲು! ನಡುವೆ ಗುಳಿ!

ನಾನು “ಅಯ್ಯೋ!” ಎಂದು ಮಂಡಿಯೂರಿ ಕುಳಿತೆ. ಗುಳಿಯೊಳಗಿನ ಕೆಸರು, ಎಲೆ, ಒಂದು ಕಪ್ಪೆ ಎಲ್ಲವನ್ನೂ ಕೈಯಾರೆ ತೆಗೆದೆ. “ರೀ, ನೋಡ್ರೀ ಉಳಿಯ ಗುರುತು! ಕೈದಿಗಳದ್ದೇ!”

“ಗುಳಿ ಸ್ವಲ್ಪ ಅಗಲ ಆಯ್ತು ಅನ್ಸಲ್ವಾ? ಮತ್ತೆ ಗುಂಡು ಎಲ್ಲಿ?”

“ಜನ ಜಾಸ್ತಿ ಇದ್ರು, ಅದಕ್ಕೇ ಅಗಲ. ಗುಂಡನ್ನ ಸೆರಂಗೂನ್ ರೋಡಲ್ಲಿ ತಗೊಳ್ಳೋಣ. ಎಂಜಿನಿಯರ್ ಆಗಿ ಇಷ್ಟೂ ಗೊತ್ತಾಗಲ್ವಾ ನಿಮಗೆ?”

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ರುಬ್ಬುವ ಕಲ್ಲು ಇದ್ದದ್ದು ಹೌದು. ಆದರೆ ಸಂಜೆ ಅಮ್ಮ ಅಕ್ಕಿ ತೊಳೆಯುವ ಸದ್ದು ಕೇಳಿದ ಕೂಡಲೇ ನನಗೆ ವಿದ್ಯೆಯಲ್ಲಿ ಅಪಾರ ಆಸಕ್ತಿ ಹುಟ್ಟುತ್ತಿತ್ತು. ಹೀಗೆ ಆಸಕ್ತಿ ಬೆಳೆದು ಬೆಳೆದು ಎಂ.ಕಾಂ. ಆಯಿತು. ಆ ಕಲ್ಲನ್ನು ನಾನು ಯಾವಾಗಲೂ ಪುಸ್ತಕದ ಅಂಚಿನಿಂದ ನೋಡಿದವಳು.

ಮುದುಕರಿಗೆ ದುಡ್ಡು ಬೇಡವಂತೆ. ಶ್ರೀಧರರ ತಲೆಯ ಮೇಲಿದ್ದ ಹೊಸ ಟೋಪಿಯ ಕಡೆ ಬೆರಳು ತೋರಿಸಿ ನಕ್ಕರು. ಟೋಪಿ ಕೊಟ್ಟೆವು. ಸಾಮಾನ್ಯವಾಗಿ ಟೋಪಿ ಹಾಕುವವರು ತಮ್ಮ ಕಡೆಯಿಂದಲೇ ಟೋಪಿ ತರುತ್ತಾರೆ. ಇವರು ನಮ್ಮದನ್ನೇ ತೆಗೆದುಕೊಂಡು ನಮಗೇ ಹಾಕಿದರು ಎಂಬುದು ಆಮೇಲೆ ತಿಳಿದ ವಿಷಯ.

ನಾವಿಬ್ಬರೇ ಸೇರಿ ಕಲ್ಲನ್ನು ಎಬ್ಬಿಸಿ ಶ್ರೀಧರರ ಸೈಕಲ್ಲಿನ ಕ್ಯಾರಿಯರಿಗೆ ಏರಿಸಿದೆವು. ನನ್ನ ದುಪ್ಪಟ್ಟಾದಿಂದ ಬಿಗಿದೆ. ಶ್ರೀಧರ ಸೀಟಿನ ಮೇಲೆ ಕುಳಿತ ಕೂಡಲೇ ಮುಂದಿನ ಗಾಲಿ ಕುದುರೆಯ ಹಾಗೆ ಮೇಲೆದ್ದಿತು! “ನೀವು ಸ್ವಲ್ಪ ಮುಂದಕ್ಕೆ ಬಾಗಿ” ಎಂದೆ. ಅವರು ಏನೋ ಅಂದರು. ಮೈಸೂರಿನವರ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ.

ಸಮತಟ್ಟು ದಾರಿಯಲ್ಲಿ ತಳ್ಳಿಕೊಂಡು ಚೆನ್ನಾಗಿಯೇ ಬಂದೆವು. ಆಮೇಲೆ ಇಳಿಜಾರು ಬಂತು. ಅದರ ನಡುವೆ ಒಂದು ಕಾಡುಹಂದಿ ದಾರಿ ದಾಟಿತು. ಶ್ರೀಧರ ಬ್ರೇಕ್ ಹಾಕಿದರು. ಸೈಕಲ್ ನಿಂತಿತು. ಕಲ್ಲು ನಿಲ್ಲಲಿಲ್ಲ. ದುಪ್ಪಟ್ಟಾ ಹರಿದುಕೊಂಡು ಕೆಳಗೆ ಹಾರಿ, ಅಂಚಿನ ಮೇಲೆ ಎದ್ದು ನಿಂತು, ಬಂಡಿಯ ಚಕ್ರದ ಹಾಗೆ ಉರುಳಲು ಶುರು ಮಾಡಿತು. ಮುಂದೆ ಕಲ್ಲು, ಅದರ ಹಿಂದೆ ನನ್ನ ಗಂಡ, ಅವರ ಹಿಂದೆ ನಾನು, ನನ್ನ ಹಿಂದೆ ಎಲ್ಲಿಂದಲೋ ಬಂದು ಸೇರಿಕೊಂಡ ಒಂದು ನಾಯಿ. ಎದುರಿಂದ ಬರುತ್ತಿದ್ದ ಇಬ್ಬರು ಪ್ರವಾಸಿಗರು ಗೌರವದಿಂದ ಪಕ್ಕಕ್ಕೆ ನಿಂತು ದಾರಿ ಬಿಟ್ಟರು. ಇಲ್ಲಿಯ ಯಾವುದೋ ಹಬ್ಬ ಅಂದುಕೊಂಡಿರಬೇಕು.

ಕಲ್ಲು ತಿರುವಿನಲ್ಲಿ ನೇರವಾಗಿ ಹೋಗಿ ಉಪ್ಪುನೀರಿನ ಕೆಸರಿಗೆ ‘ಪ್ಚಕ್’ ಎಂದು ಕೂತಿತು. ಶ್ರೀಧರ ಪ್ಯಾಂಟು ಮಡಚಿ ಇಳಿದರು. ಮಡಚಿದ್ದು ಮೊಣಕಾಲವರೆಗೆ, ಕೆಸರು ಇದ್ದದ್ದು ತೊಡೆಯವರೆಗೆ.

“ಬಿಟ್ಬಿಡೋಣ ಕಣೇ” ಎಂದರು ಅಲ್ಲಿಂದಲೇ, ಬಹಳ ಮೆತ್ತಗೆ.

“ಅಮ್ಮ ಹೋಗ್ಬಿಡ್ತಾಳ್ರೀ” ಎಂದೆ. ಹಾಸ್ಯಕ್ಕೆ ಹೇಳಲಿಲ್ಲ. ಧ್ವನಿ ನನಗೇ ಬೇರೆ ಥರ ಕೇಳಿಸಿತು.

ಅವರು ನನ್ನ ಮುಖ ನೋಡಿದರು. ಬಗ್ಗಿ ಕಲ್ಲಿಗೆ ಕೈ ಹಾಕಿದರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಆ ಮನುಷ್ಯ ನನಗೆ ಒಂದು ಹೂವೂ ತಂದುಕೊಟ್ಟವರಲ್ಲ. ಆ ದಿನ ಕೆಸರಿನಿಂದ ಕಲ್ಲು ಎತ್ತಿಕೊಟ್ಟರು. ಬೇರೆ ಲೆಕ್ಕವನ್ನೆಲ್ಲ ನಾನು ಅಂದೇ ಮನ್ನಾ ಮಾಡಿದೆ.

ಆ ಮಾಳ ಅಂಗಡಿ ತಲುಪುವಾಗ ಮಧ್ಯಾಹ್ನ ತಿರುಗಿತ್ತು. ಸ್ಟೂಲು ಖಾಲಿ! ಅಷ್ಟರಲ್ಲಿ ಒಳಗಿನಿಂದ ಒಂದು ಸದ್ದು. ಗರ್ರ್... ಗರ್ರ್... ಕಲ್ಲಿನ ಮೇಲೆ ಕಲ್ಲು ತಿರುಗುವ ಸದ್ದು. ನಾನು ಹುಟ್ಟಿದಂದಿನಿಂದ ಕೇಳಿದ, ಕೇಳಿದ ಕೂಡಲೇ ಪುಸ್ತಕ ಹಿಡಿದ ಸದ್ದು.

ಹಿಂದಿನ ಅಡುಗೆಮನೆಯಲ್ಲಿ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದಳು. ಮುಂದೆ ಎರಡು ಹಾಸಿನ ಕಲ್ಲು. ಆ ಮಾ ಮೇಲಿನ ತೂತಿಗೆ ನೆನೆಸಿದ ಅಕ್ಕಿಯನ್ನು ನೀರಿನೊಂದಿಗೆ ಚಮಚದಲ್ಲಿ ಹಾಕುತ್ತಿದ್ದಳು. ಅಮ್ಮ ಹಿಡಿ ಹಿಡಿದು ತಿರುಗಿಸುತ್ತಿದ್ದಳು. ಅಂಚಿನಿಂದ ಬೆಳ್ಳಗೆ, ನುಣ್ಣಗೆ ಹಿಟ್ಟು ಇಳಿಯುತ್ತಿತ್ತು.

“ನೋಡು, ಬೀಸುವ ಕಲ್ಲಿನಲ್ಲಿ ರುಬ್ಬುತ್ತಾರೆ ಇವರು! ಎರಡೂ ಒಂದರಲ್ಲೇ! ಭಾರೀ ಬುದ್ಧಿವಂತರು” ಎಂದಳು ಅಮ್ಮ. ಹಣೆಯಲ್ಲಿ ಬೆವರು. ಮುಖ ಬೆಳಗುತ್ತಿತ್ತು.

“ಭಾಷೆ?” ಎಂದು ಶಮಾಳನ್ನು ಕೇಳಿದೆ.

“ಅಜ್ಜಿ ತುಳು ಮಾತಾಡ್ತಾಳೆ, ಆ ಮಾ ಚೈನೀಸ್ ಮಾತಾಡ್ತಾಳೆ. ನನ್ನನ್ನ ಯಾರೂ ಏನೂ ಕೇಳ್ಲೇ ಇಲ್ಲ ಲಾ!” ಎಂದಳು, ಸ್ವಲ್ಪ ಮುನಿಸಿನಿಂದ.

ನಾನು ಬಿಡುವೆನೇ? “ಅಮ್ಮಾ, ನಿನಗೊಂದು ತಂದಿದ್ದೇನೆ, ಬಾ” ಎಂದು ಹೊರಗೆ ಕರೆದು, ಸೈಕಲ್ಲಿನ ಮೇಲಿನ ಕಲ್ಲನ್ನು ದೇವರ ಉತ್ಸವಮೂರ್ತಿಯ ಹಾಗೆ ತೋರಿಸಿದೆ. ಪಕ್ಕದಲ್ಲಿ ತೊಡೆಯವರೆಗೆ ಕೆಸರಾದ ಅಳಿಯ ಭಕ್ತನ ಹಾಗೆ ನಿಂತಿದ್ದರು.

ಅಮ್ಮ ಕಲ್ಲಿನ ಸುತ್ತ ಒಂದು ಬಂದಳು. ಗುಳಿಯೊಳಗೆ ಕೈಯಾಡಿಸಿದಳು.

“ಇದು ಎಂತ?”

“ರುಬ್ಬುವ ಕಲ್ಲು. ಕೈದಿಗಳ ಕಾಲದ್ದು!”

“ಇದು ಹಂದಿಗೆ ಅಕ್ಕಚ್ಚು ಕುಡಿಸುವ ಕಲ್ಲಿನ ಬಾನಿ, ಮಾರಾಯ್ತಿ!”

ಅಷ್ಟರಲ್ಲಿ ಆ ಮಾ ಹೊರಗೆ ಬಂದವಳು ಕಲ್ಲನ್ನು ನೋಡಿದಳು, ನಮ್ಮನ್ನು ನೋಡಿದಳು, ಮೂಗಿನಿಂದ ಹಂದಿಯ ಹಾಗೆ ‘ಗುರ್ ಗುರ್’ ಸದ್ದು ಮಾಡಿ ತೋರಿಸಿದಳು. ಎರಡು ಭಾಷೆಗಳಲ್ಲಿ ಸಾಕ್ಷ್ಯ ಸಿಕ್ಕ ಮೇಲೆ ಮೇಲ್ಮನವಿಗೆ ಅವಕಾಶವಿರಲಿಲ್ಲ. ಇಬ್ಬರು ಮುದುಕಿಯರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು. ಅಮ್ಮನ ಕಣ್ಣಲ್ಲಿ ನೀರು ಬರುವಷ್ಟು ನಗು. ಸಿಂಗಪುರಕ್ಕೆ ಬಂದ ಮೇಲೆ ಅವಳು ಹೀಗೆ ನಕ್ಕದ್ದು ಅದೇ ಮೊದಲು. ಅದನ್ನು ಅವಳಿಗೆ ಕೊಟ್ಟದ್ದು ನಾನೇ. ಹೇಗೆ ಕೊಟ್ಟೆ ಅನ್ನುವುದು ಮುಖ್ಯವಲ್ಲ.

ಕಲ್ಲನ್ನು ಅಲ್ಲೇ ಇಳಿಸಿದೆವು. ಆ ಮಾ ಒಂದು ಚೆಂಬು ನೀರು ಸುರಿದಳು. ಕೋಳಿಗಳು ಬಂದು ಕುಡಿದವು. ಶ್ರೀಧರ ಅದೇ ಚೆಂಬಿನಲ್ಲಿ ಕಾಲಿನ ಕೆಸರು ತೊಳೆದುಕೊಂಡರು.

ಆಮೇಲೆ ಅಮ್ಮ ಆ ಹಿಟ್ಟಿನಲ್ಲಿ ಒಂದು ಪಾಲು ಕೇಳಿ ತೆಗೆದುಕೊಂಡು, ನೀರು ಸೇರಿಸಿ, ಉಪ್ಪು ಹಾಕಿ, ಆ ಮಾಳ ದೊಡ್ಡ ಕಪ್ಪು ಬಾಣಲೆಯಲ್ಲಿ ನೀರುದೋಸೆ ಹೊಯ್ದಳು. ಮೊದಲನೆಯದೇ ಕೈಯಲ್ಲಿ ಎತ್ತಿದ ಹಾಗೆ ಎದ್ದು ಬಂತು. ತೆಳ್ಳಗೆ, ಬಿಳಿ ಕರವಸ್ತ್ರದ ಹಾಗೆ. “ಒಳ್ಳೆಯ ಪಳಗಿದ ಬಾಣಲೆ!” ಎಂದಳು ಅಮ್ಮ.

ಬಾಣಲೆ ಯಾವುದರಿಂದ ಪಳಗಿದೆ ಎಂಬುದು ನನಗೂ ಶ್ರೀಧರರಿಗೂ ಏಕಕಾಲಕ್ಕೆ ಹೊಳೆಯಿತು. ಒಲೆಯ ಪಕ್ಕದ ಡಬ್ಬಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬು ಕಾಣುತ್ತಲೇ ಇತ್ತು. ಅಮ್ಮ ಮೀನಿನವರೆಗೆ ಸರಿ. ಹಂದಿ ಎಂಬ ಶಬ್ದವನ್ನೇ ಊಟದ ಹೊತ್ತಿಗೆ ಬಾಯಲ್ಲಿ ತರುವವಳಲ್ಲ. ನಾವಿಬ್ಬರೂ ಮುಖ ನೋಡಿಕೊಂಡು, ತೆಂಗಿನತುರಿ ಬೆಲ್ಲ ಹಚ್ಚಿಕೊಂಡು, ಮೌನವಾಗಿ ತಿಂದೆವು. ಅಮ್ಮನೂ ತಿಂದಳು. ಆ ಮಾ ಎಲ್ಲರಿಗಿಂತ ಹೆಚ್ಚು ತಿಂದು, ಬೆರಳು ನೆಕ್ಕಿ, ಅಮ್ಮನ ಕೆನ್ನೆ ತಟ್ಟಿದಳು. ಅಂಥ ನೀರುದೋಸೆ ಆಮೇಲೆ ನಾನು ಎಲ್ಲೂ ತಿಂದಿಲ್ಲ. ಯಾಕೆ ಅಷ್ಟು ರುಚಿ ಎಂದು ಹೆಚ್ಚು ವಿಚಾರ ಮಾಡಲೂ ಹೋಗಿಲ್ಲ.

ವಾಪಸು ದೋಣಿಯಲ್ಲಿ ನನಗೆ ತಡೆಯಲಾಗಲಿಲ್ಲ. “ಅಮ್ಮಾ, ಆ ಬಾಣಲೆ...” ಎಂದು ಶುರು ಮಾಡಿದೆ.

“ಗೊತ್ತುಂಟು. ನನಗೆ ಮೂಗಿಲ್ವಾ?” ಎಂದಳು, ನೀರು ನೋಡುತ್ತ. “ನಾನೇ ಹುಣಸೆಹುಳಿ ಹಾಕಿ ಎರಡು ಸಲ ತಿಕ್ಕಿದೆ. ಅಷ್ಟರ ಮೇಲೆ ಉಳಿದದ್ದು ಅವಳ ಪ್ರೀತಿ. ಅವಳ ಮನೆ, ಅವಳ ಬಾಣಲೆ. ನೆಂಟಳಾಗಿ ಹೋದವಳು ಮೂಗು ಮನೆಯಲ್ಲಿ ಬಿಟ್ಟು ಹೋಗ್ಬೇಕು.”

ಆಮೇಲೆ ಅಳಿಯನ ಕಡೆ ತಿರುಗಿದಳು: “ಶ್ರೀಧರ, ಆ ಟಿಕೇಟು ಈಗ ಮುಟ್ಟುದು ಬೇಡ. ಬರುವ ಭಾನುವಾರ ಅವಳು ಉದ್ದು ನೆನೆಸಿಡ್ತಾಳಂತೆ.”

ಉದ್ದು ಎಂಬುದನ್ನು ಅಮ್ಮ ಚೀನೀಯಲ್ಲಿ ಹೇಗೆ ಹೇಳಿದಳು, ಅವಳು ಒಪ್ಪಿದ್ದು ಹೇಗೆ ತಿಳಿಯಿತು, ನನಗೆ ಈವತ್ತಿಗೂ ಗೊತ್ತಿಲ್ಲ.

ಅಲ್ಲಿಂದ ಮುಂದೆ ನಮಗೆ ಕಠಿಣ ಶಿಕ್ಷೆ ಜಾರಿಯಾಯಿತು. ಅಮ್ಮ ಇದ್ದಷ್ಟೂ ಕಾಲ, ಪ್ರತಿ ಭಾನುವಾರ, ಕೋಳಿ ಕೂಗುವ ಹೊತ್ತಿಗೆ ಎಬ್ಬಿಸಿ, ಬಸ್ಸು ಹತ್ತಿಸಿ, ದೋಣಿಯಲ್ಲಿ ತುಂಬಿ ನಮ್ಮನ್ನು ಕಲ್ಲಿನ ದ್ವೀಪಕ್ಕೆ ಸಾಗಿಸಲಾಗುತ್ತಿತ್ತು. ಇಂಡಿಯಾದಿಂದ ಬಂದವರ ಮಟ್ಟಿಗೆ ಹಳೆಯ ಪದ್ಧತಿಯೇ. ಶ್ರೀಧರ ಅಲ್ಲಿ ಆ ಮಾಳ ಸೈಕಲ್‌ಗಳ ಪಂಕ್ಚರ್ ಹಾಕುತ್ತಿದ್ದರು. ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಕಲ್ಲಿನ ಹತ್ತಿರ ನನ್ನನ್ನು ಯಾರೂ ಬಿಡುತ್ತಿರಲಿಲ್ಲ.

ಅಮ್ಮ ಹೊರಡುವ ದಿನ ಏರ್‌ಪೋರ್ಟಿನಲ್ಲಿ ಕಣ್ಣೀರು ಬಂದದ್ದು ನನಗೆ. ಅವಳು ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟು “ಇದನ್ನು ಅವಳಿಗೆ ಮುಟ್ಟಿಸು” ಎಂದಳು. ಅವಳದೇ ಒಂದು ಇಳಕಲ್ ಸೀರೆ. ಮೊಣಕಾಲುದ್ದದ ಚಡ್ಡಿಯವಳು ಅದನ್ನು ಏನು ಮಾಡಿದಳೋ ಎಂದು ಕೇಳಬೇಡಿ. ಮುಂದಿನ ಸಲ ಹೋದಾಗ ಅದು ಅವಳ ಮನೆಯ ಬಾಗಿಲಿಗೆ ಪರದೆಯಾಗಿ ತೂಗುತ್ತಿತ್ತು. ಬಹಳ ಚೆನ್ನಾಗಿ ಕಾಣುತ್ತಿತ್ತು. ಈಗ ಅಲ್ಲಿಯ ಕ್ವಾರಿಗಳೆಲ್ಲ ನಿಂತಿವೆ. ಆ ಮಾ ಇಲ್ಲ, ಅಮ್ಮನೂ ಇಲ್ಲ. ದೋಣಿ ಇದೆ, ನಾವು ಹೋದರೆ ಈಗಲೂ ಹನ್ನೆರಡು ಜನಕ್ಕೆ ಕಾಯುತ್ತೇವೆ.

ಅಮ್ಮ ಊರಿಗೆ ಮರಳಿದ ಮರುವರ್ಷ ನಾನು ರಜೆಗೆ ಹೋದೆ. ನೆರೆಮನೆಯ ಸುಂದರಕ್ಕ ನನ್ನನ್ನು ಕಂಡದ್ದೇ ಕೈ ಹಿಡಿದುಕೊಂಡಳು. ಅಮ್ಮ ಸಿಂಗಪುರದ ಸುದ್ದಿಯನ್ನೆಲ್ಲ ಊರಿಗೆ ಹಂಚಿ ಮುಗಿಸಿದ್ದಳು ಎಂಬುದು ಆಗಲೇ ನನಗೆ ತಿಳಿದದ್ದು. ಸುಂದರಕ್ಕ ಬಹಳ ಪ್ರೀತಿಯಿಂದ ನನ್ನನ್ನು ತನ್ನ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದಳು.

“ಇದು ರುಬ್ಬುವ ಕಲ್ಲು. ಇದು ಅರೆಯುವ ಕಲ್ಲು. ಇದು ಬೀಸುವ ಕಲ್ಲು. ಇದು ಬಟ್ಟೆ ಒಗೆಯುವ ಕಲ್ಲು. ಗೊತ್ತಾಯ್ತಲ್ಲ ಮಗಾ?”

“ಗೊತ್ತಾಯ್ತು” ಎಂದೆ.

ಹಿತ್ತಿಲ ಮೂಲೆಗೆ ಬಂದೆವು. ಅಲ್ಲಿ ಹುಲ್ಲು ಮೆಲ್ಲುತ್ತ ಒಂದು ಪ್ರಾಣಿ ನಿಂತಿತ್ತು. ಸುಂದರಕ್ಕ ಒಂದು ಗಳಿಗೆ ಯೋಚಿಸಿದಳು. ನನ್ನ ಮುಖ ನೋಡಿದಳು. ಆಮೇಲೆ, ಹೇಳಿಬಿಡುವುದೇ ಒಳ್ಳೆಯದು ಅನ್ನಿಸಿರಬೇಕು.

“ಇದು ಎಮ್ಮೆ” ಎಂದಳು.

ನಾನು ತಲೆಯಾಡಿಸಿದೆ.